ರಾಣಿ ಸತ್ತಾಗ ಏನು ಹಾಡಬೇಕು? ಬರೋಕ್ ಕಾಲದ ಅರಮನೆಗಳ ಸಾವಿನ ಸಂಗೀತ

1727ರ ಅಕ್ಟೋಬರ್. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಶ್ವವಿದ್ಯಾಲಯದ ಗುಮಾಸ್ತನೊಬ್ಬ ಕಾಗದ ಹಿಡಿದುಕೊಂಡು ಸಂಗೀತ ರಚಿಸುವ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಬಳಿ ಹೋದ. ಕಾಗದದ ಸಾರ ಇಷ್ಟು: "ಈ ಸಲ ವಿಶ್ವವಿದ್ಯಾಲಯದ ಚರ್ಚಿನಲ್ಲಿ ಸಂಗೀತ ನಡೆಸಲು ನನಗೆ ಬಿಟ್ಟಿರುವುದು ಬರೀ ಉಪಕಾರ. ಮುಂದೆ ಇದನ್ನೇ ಹಕ್ಕು ಅಂತ ಕೇಳುವುದಿಲ್ಲ." ಬಾಖ್ ಇದಕ್ಕೆ ಸಹಿ ಹಾಕಬೇಕಿತ್ತು. ಗುಮಾಸ್ತ ಒಂದು ಗಂಟೆ ಹೊತ್ತು ಕಾದ. ಬಾಖ್ ಸಹಿ ಹಾಕಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ಗುಮಾಸ್ತ ವಾಪಸ್ ಹೊರಟ.

ಇಷ್ಟೆಲ್ಲ ಹಗ್ಗಜಗ್ಗಾಟ ನಡೆದದ್ದು ತೀರಿಕೊಂಡ ರಾಣಿಯೊಬ್ಬಳಿಗೆ ಹಾಡುವ ಹಾಡಿನ ಬಗ್ಗೆ. ಅದನ್ನು ಯಾರು ಬರೆಯಬೇಕು, ಯಾರು ನಡೆಸಬೇಕು, ದುಡ್ಡು ಯಾರ ಕೈಗೆ ಸೇರಬೇಕು ಅನ್ನೋದೇ ಜಗಳ.

ಈ ಸಂಗೀತವನ್ನು ಇವತ್ತು ನಾವು ಮೊಬೈಲ್‌ನಲ್ಲೋ ಕಛೇರಿಯಲ್ಲೋ ಕೇಳುವಾಗ, ಬರೆದವನ ಎದೆಯೊಳಗಿನ ದುಃಖವೇ ಹೀಗೆ ಹರಿದು ಬಂತು ಅಂದುಕೊಳ್ಳುತ್ತೇವೆ. ಸ್ವಲ್ಪ ದುಃಖ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಯಾಕೆ ಹಾಗೆ ಕೇಳಿಸುತ್ತದೆ ಅನ್ನೋದು ಗೊತ್ತಾಗಬೇಕಾದರೆ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಸತ್ತವರು ಯಾವ ಚರ್ಚಿಗೆ ಸೇರಿದವರು? ಹಾಡು ಬರುವುದು ಸಂಸ್ಕಾರದ ಯಾವ ಹೊತ್ತಿನಲ್ಲಿ, ಮೆರವಣಿಗೆಯಲ್ಲೋ, ಗುಂಡಿಯ ಪಕ್ಕದಲ್ಲೋ, ಎಲ್ಲ ಮುಗಿದ ಮೇಲೋ? ದುಡ್ಡು ಕೊಟ್ಟವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಸಂಗೀತ ಅರ್ಥವಾದಂತೆ.

ಮೊದಲು ಒಂದೆರಡು ಮೂಲ ವಿಷಯ. ಬರೋಕ್ ಅಂದರೆ ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲ. ರಾಜರು ಕಲೆಗೆ ಧಾರಾಳವಾಗಿ ಖರ್ಚು ಮಾಡುತ್ತಿದ್ದ ಕಾಲ ಅದು. ಸಾವಿನಲ್ಲೂ ಅಷ್ಟೇ. ರಾಜಮನೆತನದಲ್ಲಿ ಯಾರಾದರೂ ಸತ್ತರೆ ಮರುದಿನವೇ ಹೂಳುತ್ತಿರಲಿಲ್ಲ. ಶರೀರ ಕೆಡದಂತೆ ಮದ್ದು ಹಾಕಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಡುತ್ತಿದ್ದರು. ಅಷ್ಟರಲ್ಲಿ ಚರ್ಚಿನ ಗೋಡೆಗಳಿಗೆಲ್ಲ ಕರಿ ಬಟ್ಟೆ ಹೊದಿಸಿ, ನಡುವೆ ಮರದ ದೊಡ್ಡ ಮಂಟಪ ಕಟ್ಟಿ, ಅದರ ತುಂಬ ಮೇಣದಬತ್ತಿ ಹಚ್ಚುವ ಏರ್ಪಾಡು ನಡೆಯುತ್ತಿತ್ತು. ದೇಹ ಬೇರೆ ಊರಿನಲ್ಲಿದ್ದರೂ ಮಂಟಪ ಮಾತ್ರ ಬೇಕೇ ಬೇಕು.

ಇನ್ನು ಮೇಳಗಾಯನ. ನಮ್ಮಲ್ಲಿ ಹತ್ತು ಜನ ಕೂತು ಭಜನೆ ಹಾಡಿದರೂ ಎಲ್ಲರದ್ದೂ ಒಂದೇ ಧಾಟಿ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ನಾಲ್ಕು ಗುಂಪು: ಮೇಲಿನ ದನಿಯ ಸೊಪ್ರಾನೊ, ಅದರ ಕೆಳಗೆ ಆಲ್ಟೊ, ಆಮೇಲೆ ಟೆನರ್, ತಳದಲ್ಲಿ ಬಾಸ್. ನಾಲ್ಕಕ್ಕೂ ಬೇರೆ ಬೇರೆ ಸ್ವರ. ಚರ್ಚಿನಲ್ಲಿ ಮೇಲಿನ ದನಿ ಹಾಡುತ್ತಿದ್ದವರು ಹೆಚ್ಚಾಗಿ ಹುಡುಗರು. ಈ ನಾಲ್ಕು ದನಿಗಳನ್ನು ಜೋಡಿಸಲು ಮುಖ್ಯವಾಗಿ ಎರಡು ದಾರಿ. ಒಂದು, ನಾಲ್ಕೂ ಗುಂಪು ಒಂದೊಂದು ಅಕ್ಷರವನ್ನೂ ಒಟ್ಟಿಗೆ ಹೇಳುವುದು. ಆಗ ಮಾತು ನೀರಿನಷ್ಟು ತಿಳಿಯಾಗಿ ಕೇಳುತ್ತದೆ. ಇನ್ನೊಂದು, ಒಬ್ಬರು ಶುರುಮಾಡಿದ ಎಳೆಯನ್ನು ಸ್ವಲ್ಪ ತಡವಾಗಿ ಇನ್ನೊಬ್ಬರು ಹಿಡಿಯುವುದು, ಅವರ ಬೆನ್ನಿಗೆ ಮತ್ತೊಬ್ಬರು. ಆಗ ಮಾತು ಕಲಸಿಹೋಗುತ್ತದೆ, ಆದರೆ ಸಂಗೀತ ಬೆಳೆಯುತ್ತಾ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಚರ್ಚಿನ ವಿಷಯ. ಕ್ಯಾಥೊಲಿಕ್ ನಂಬಿಕೆಯಲ್ಲಿ ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ಶುದ್ಧಿಯಾಗಬೇಕು. ಆ ಹೊತ್ತಿನಲ್ಲಿ ಬದುಕಿರುವವರು ಮಾಡುವ ಪ್ರಾರ್ಥನೆಯಿಂದ ಅದಕ್ಕೆ ಉಪಯೋಗ ಉಂಟು. ಹಾಗಾಗಿ ಅವರದು ರೆಕ್ವಿಯಂ ಪೂಜೆ: ಲ್ಯಾಟಿನ್ ಭಾಷೆ, ಗೊತ್ತುಮಾಡಿದ ಮಾತುಗಳು, "ಇವರಿಗೆ ನಿತ್ಯ ಶಾಂತಿ ಕೊಡು" ಅನ್ನುವ ಬೇಡಿಕೆ. ನಡುವೆ 'ಡೀಸ್ ಈರೇ' ಅನ್ನುವ ಉದ್ದನೆಯ ಪದ್ಯ ಬರುತ್ತದೆ. ಲೋಕದ ಕೊನೆಯ ದಿನ, ದೇವರ ಕೋಪ, ಕಹಳೆ ಊದುವುದು, ಸತ್ತವರೆಲ್ಲ ಎದ್ದು ಬರುವುದು, ಎಲ್ಲವೂ ಅದರಲ್ಲಿದೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ರಾಣಿ ಮರೀ ತೆರೇಸ್ 1683ರಲ್ಲಿ ತೀರಿಕೊಂಡಾಗ, ಪ್ಯಾರಿಸ್ ಹತ್ತಿರದ ಸಾನ್ ದನಿ ಎಂಬ ಚರ್ಚಿನಲ್ಲಿ ನಡೆದ ಸಂಸ್ಕಾರಕ್ಕೆ ಆಸ್ಥಾನದ ಸಂಗೀತಗಾರ ಲುಲ್ಲಿ ಈ ಪದ್ಯಕ್ಕೇ ಸಂಗೀತ ಬರೆದ.

ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಲೂಥರನ್ ಪಂಥದವರ ಲೆಕ್ಕ ಬೇರೆ. ಆ ಪಂಥ ಶುರುಮಾಡಿದ ಮಾರ್ಟಿನ್ ಲೂಥರ್ ಈ ಶುದ್ಧಿಯ ಜಾಗವನ್ನೇ ಒಪ್ಪಲಿಲ್ಲ. ಸತ್ತವರು ದೇವರ ಕೈ ಸೇರಿದರು, ಇನ್ನು ನಾವು ಹಾಡಿ ಅವರಿಗೆ ಏನೂ ಮಾಡಿಕೊಡಲಾಗದು. ಹಾಗಾದರೆ ಹಾಡುವುದು ಯಾರಿಗೆ? ಕೂತವರಿಗೆ. ಸಮಾಧಾನ ಹೇಳುವುದಕ್ಕೆ, ಸತ್ತವರು ನಂಬಿಕೆಯಿಂದ ಬದುಕಿದರು ಅಂತ ಸಾರುವುದಕ್ಕೆ. ಸಾವಿಗೆ ಮುಂಚೆಯೇ ಎಲ್ಲ ಅಣಿ ಮಾಡಿಕೊಂಡ ಒಬ್ಬ ದೊರೆಯ ಕಥೆ ಇಲ್ಲಿ ಹೇಳಬೇಕು. ಗೇರಾ ಊರಿನ ಹೈನ್ರಿಕ್ ರಾಯಿಸ್ ಬದುಕಿದ್ದಾಗಲೇ ತನ್ನ ಶವಪೆಟ್ಟಿಗೆ ಮಾಡಿಸಿ, ಅದರ ಮೇಲೆ ತನಗೆ ಬೇಕಾದ ಬೈಬಲ್ ವಾಕ್ಯಗಳನ್ನು ಬರೆಸಿಟ್ಟಿದ್ದ. ಅವನು 1635ರಲ್ಲಿ ತೀರಿಕೊಂಡ. ಮುಂದಿನ ಫೆಬ್ರವರಿಯ ಸಂಸ್ಕಾರಕ್ಕೆ ಹೈನ್ರಿಕ್ ಶ್ಯುಟ್ಸ್ ಆ ಪೆಟ್ಟಿಗೆಯ ಮೇಲಿನ ವಾಕ್ಯಗಳಿಗೇ ಸಂಗೀತ ಹಾಕಿದ. ಕೊನೆಯ ಭಾಗದಲ್ಲಿ ಮೂರು ದನಿಗಳ ಚಿಕ್ಕ ಗುಂಪೊಂದನ್ನು ದೂರ ನಿಲ್ಲಿಸಿ ಹಾಡಿಸಬೇಕು ಅಂತ ಸೂಚನೆ ಇದೆ. ಎರಡು ದನಿ ದೇವದೂತರದ್ದು, ಒಂದು ಮುಕ್ತಿ ಪಡೆದ ಆತ್ಮದ್ದು. ಹತ್ತಿರದ ಮೇಳ ಭೂಮಿಯಲ್ಲಿ, ದೂರದ ಮೇಳ ಆಚೆ ಕಡೆ. ಅಷ್ಟು ಸರಳ ಉಪಾಯ, ಆದರೆ ಚರ್ಚಿನ ಒಳಗೆ ಕೂತು ಕೇಳಿದರೆ ಮೈ ಜುಮ್ಮೆನ್ನದೆ ಇರದು.

ಇಂಗ್ಲೆಂಡಿನದ್ದು ಮೂರನೇ ದಾರಿ. ಅಲ್ಲಿ ಪ್ರಾರ್ಥನೆಯ ಒಂದು ಪುಸ್ತಕ ಇದೆ. ಯಾವಾಗ ಏನು ಹೇಳಬೇಕು ಅನ್ನೋದು ಅದರಲ್ಲಿ ಬರೆದಿದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಲೈಪ್‌ಜಿಗ್‌ನ ಜಗಳ ಮುಗಿಸೋಣ.

ತೀರಿಕೊಂಡ ರಾಣಿ ಕ್ರಿಸ್ಟಿಯಾನೆ ಎಬರ್‌ಹಾರ್ಡಿನೆ. ಗಂಡ, ಲೈಪ್‌ಜಿಗ್ ಸೇರಿದ ಸ್ಯಾಕ್ಸನಿ ಸೀಮೆಯ ದೊರೆ ಅಗಸ್ಟಸ್, 'ಬಲಿಷ್ಠ' ಅಂತ ಹೆಸರಾದವನು. ಅವನಿಗೆ ಪೋಲೆಂಡಿನ ಸಿಂಹಾಸನ ಬೇಕಿತ್ತು. ಪೋಲೆಂಡಿಗೆ ರಾಜನಾಗಬೇಕಾದರೆ ಕ್ಯಾಥೊಲಿಕ್ ಆಗಿರಬೇಕು. 1697ರಲ್ಲಿ ಅವನು ಕ್ಯಾಥೊಲಿಕ್ ಆದ, ರಾಜನೂ ಆದ. ಹೆಂಡತಿ ಮಾತ್ರ ಜಪ್ಪಯ್ಯ ಅಂದರೂ ಲೂಥರನ್ ನಂಬಿಕೆ ಬಿಡಲಿಲ್ಲ. ಗಂಡನಿಂದ ದೂರ ಪ್ರೆಟ್ಷ್ ಅನ್ನುವ ಊರಿನ ಅರಮನೆಯಲ್ಲಿ ಉಳಿದಳು. 1727ರ ಸೆಪ್ಟೆಂಬರ್ 5ರಂದು ಅಲ್ಲೇ ತೀರಿಕೊಂಡಳು. ಮಣ್ಣಿಗೆ ಗಂಡನೂ ಬರಲಿಲ್ಲ, ಮಗನೂ ಬರಲಿಲ್ಲ. ಆದರೆ ಸ್ಯಾಕ್ಸನಿಯ ಲೂಥರನ್ ಜನಕ್ಕೆ ಅವಳು ಮನೆಮಾತು. ತಮ್ಮ ಪಕ್ಷ ಬಿಡದ ರಾಣಿ ಅಲ್ವಾ!

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಿರ್ಶ್‌ಬಾಖ್ ಅನ್ನುವ ಶ್ರೀಮಂತ ಮನೆತನದ ಹುಡುಗ ಸ್ವಂತ ದುಡ್ಡಿನಲ್ಲಿ ಸ್ಮರಣೆ ನಡೆಸುತ್ತೇನೆ ಅಂತ ಮುಂದೆ ಬಂದ. ಕವಿತೆಯನ್ನು ಗೊಟ್‌ಶೆಡ್ ಬಳಿ ಬರೆಸಿದ, ಸಂಗೀತವನ್ನು ಬಾಖ್‌ಗೆ ಒಪ್ಪಿಸಿದ. ತೊಂದರೆ ಶುರುವಾದದ್ದು ಅಲ್ಲೇ. ಆ ಚರ್ಚಿನ ಸಂಗೀತದ ಹೊಣೆ ಗೊರ್ನರ್ ಅನ್ನುವ ಬೇರೆಯವನದ್ದು. ನನ್ನ ಜಾಗದಲ್ಲಿ ಇವನೇಕೆ ಅಂತ ಅವನು ತಕರಾರು ತೆಗೆದ. ಕಿರ್ಶ್‌ಬಾಖ್ ಪಟ್ಟು ಬಿಡಲಿಲ್ಲ. ಬಾಖ್‌ಗೆ ಆಗಲೇ ದುಡ್ಡು ಕೊಟ್ಟಾಗಿದೆ, ಅವನು ಬರೆಯೋಕೆ ಶುರುಮಾಡಿಯೂ ಆಗಿದೆ ಅಂದ. ಕೊನೆಗೆ ಗೊರ್ನರ್‌ಗೆ 12 ಥಾಲರ್ ಕೊಟ್ಟು ಸಮಾಧಾನ ಮಾಡಿದರು. ಬಾಖ್‌ನಿಂದ ಬರೆಸಿಕೊಳ್ಳಲು ಹೋದ ಗುಮಾಸ್ತನ ಕಥೆ ಗೊತ್ತೇ ಇದೆ. ಬಾಖ್ ಬರೆದು ಮುಗಿಸಿದ್ದು ಅಕ್ಟೋಬರ್ 15ಕ್ಕೆ, ಕಾರ್ಯಕ್ರಮ 17ಕ್ಕೆ. ತಾಲೀಮಿಗೆ ಎಷ್ಟು ಹೊತ್ತು ಸಿಕ್ಕಿತು ಅನ್ನೋದನ್ನು ನೀವೇ ಲೆಕ್ಕ ಹಾಕಿ.

ಇದು ಮಣ್ಣು ಮಾಡುವ ಕಾರ್ಯ ಅಲ್ಲ ಅನ್ನೋದನ್ನು ಗಮನಿಸಬೇಕು. ರಾಣಿಯನ್ನು ಹೂಳಿದ್ದು ಪ್ರೆಟ್ಷ್‌ನಲ್ಲಿ. ಇಲ್ಲಿ ನಡೆದದ್ದು ಸ್ಮರಣೆ. ಚರ್ಚಿನ ನಡುವೆ ಮಂಟಪ, ಊರಿನ ಗಂಟೆಗಳ ಸದ್ದು, ಮೊದಲರ್ಧ ಸಂಗೀತ, ಆಮೇಲೆ ಕಿರ್ಶ್‌ಬಾಖ್‌ನ ಭಾಷಣ, ಮತ್ತೆ ಉಳಿದರ್ಧ ಸಂಗೀತ. ಹಾಗಾಗಿಯೇ ಹಾಡಿನ ಸಾಹಿತ್ಯದಲ್ಲಿ ಬೈಬಲ್ ವಾಕ್ಯ ಇಲ್ಲ. ಪೂರ್ತಿ ರಾಣಿಯನ್ನು ಕುರಿತ ಕವಿತೆ.

ಬಾಖ್ ಆರಿಸಿಕೊಂಡ ವಾದ್ಯಗಳನ್ನು ನೋಡಿ. ಸಾಮಾನ್ಯ ತಂತಿವಾದ್ಯಗಳ ಜೊತೆ ಎರಡು ಕೊಳಲು, ಎರಡು ಓಬೋ ದಾಮೋರೆ (ಊದುವ ವಾದ್ಯ), ಎರಡು ವಿಯೋಲ ದ ಗಾಂಬ, ಎರಡು ಲ್ಯೂಟ್ (ಬೆರಳಿನಿಂದ ಮೀಟುವ ತಂತಿವಾದ್ಯ). ಗಾಂಬ ಅಂದರೆ ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ಹಳೆ ವಾದ್ಯ. 1727ಕ್ಕೆ ಅದು ಆಗಲೇ ಹಳತಾಗಿತ್ತು. ಅದರ ದನಿ ಮೆತ್ತಗೆ, ಸ್ವಲ್ಪ ಮೂಗಿನಲ್ಲಿ ಹಾಡಿದಂತೆ. ಲ್ಯೂಟ್ ಅಂತೂ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಕೇಳದಷ್ಟು ಮೆದು. ಕಹಳೆ ಇಲ್ಲ, ನಗಾರಿ ಇಲ್ಲ. ಆದರೂ ಮೊದಲ ಮೇಳಗಾಯನದ ತಾಳದಲ್ಲಿ ರಾಜಠೀವಿ ಇದೆ. ಉದ್ದ ಸ್ವರ, ಅದರ ಬಾಲಕ್ಕೆ ಗಿಡ್ಡ ಸ್ವರ, ಮತ್ತೆ ಉದ್ದ. ಈ ಎಳೆದು ತಟ್ಟುವ ನಡೆ ಫ್ರಾನ್ಸಿನ ಆಸ್ಥಾನದಿಂದ ಬಂದದ್ದು. ಅದು ಕೇಳಿದರೆ ಆ ಕಾಲದವರಿಗೆ ರಾಜ ಬರುತ್ತಿದ್ದಾನೆ ಅಂತಲೇ ಅರ್ಥ.

ಇಡೀ ಕೃತಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ನಿಮಿಷವೂ ಇರದ ಒಂದು ತುಣುಕು. ಗಂಟೆಗಳ ನಡುಗುವ ನಾದ ನಮ್ಮ ಮನಸ್ಸನ್ನು ಅಲುಗಿಸಲಿ ಅಂತ ಆಲ್ಟೊ ದನಿಯೊಬ್ಬರೇ ಹಾಡುತ್ತಾರೆ. ಅವರ ಹಿಂದೆ ವಾದ್ಯಗಳು ಒಂದಾದ ಮೇಲೊಂದು ಸೇರಿಕೊಳ್ಳುತ್ತವೆ. ಮೊದಲು ಮೇಲೆ ಕೊಳಲುಗಳು, ಒಂದೇ ಸ್ವರವನ್ನು ಚಕಚಕ ಬಡಿಯುತ್ತವೆ. ಅದು ಚಿಕ್ಕ ಗಂಟೆ. ಅದರ ಕೆಳಗೆ ಓಬೋಗಳು, ಸ್ವಲ್ಪ ದೊಡ್ಡ ಗಂಟೆ. ಆಮೇಲೆ ತಂತಿಗಳನ್ನು ಬೆರಳಿನಿಂದ ಮೀಟುವ ಸದ್ದು. ಎಲ್ಲಕ್ಕಿಂತ ಕೆಳಗೆ ಮಂದ್ರದ ವಾದ್ಯಗಳು ನಿಧಾನಕ್ಕೆ ಒಂದೊಂದೇ ಪೆಟ್ಟು ಹಾಕುತ್ತವೆ. ದೊಡ್ಡ ಗಂಟೆ ನಿಧಾನಕ್ಕೇ ತಾನೇ ತೂಗುವುದು? ಬರೀ ಹನ್ನೊಂದು ಆವರ್ತ. ನಿಜವಾದ ಒಂದು ಗಂಟೆಯನ್ನೂ ಬಳಸದೆ ಬಾಖ್ ಊರಿನ ಗೋಪುರಗಳನ್ನೆಲ್ಲ ಚರ್ಚಿನೊಳಗೆ ತಂದು ನಿಲ್ಲಿಸುತ್ತಾನೆ. ಹೊರಗೆ ಊರಿನ ಗಂಟೆಗಳು ಆಗಷ್ಟೇ ಬಾರಿಸಿ ನಿಂತಿದ್ದವು ಅನ್ನೋದನ್ನು ಇದಕ್ಕೆ ಸೇರಿಸಿಕೊಂಡು ಕೇಳಿ.

ಕೊನೆಯ ಮೇಳಗಾಯನಕ್ಕೆ ಬರುವ ಹೊತ್ತಿಗೆ ಅಳು ಇಲ್ಲ. "ಆದರೆ ರಾಣಿ, ನೀನು ಸಾಯುವುದಿಲ್ಲ" ಅಂತ ಮೇಳ ಹಾಡುತ್ತದೆ. ತಾಳ ತೂಗಾಡುವ ಕುಣಿತದ್ದು. ಸಾವಿನ ಮನೆಯಲ್ಲಿ ಇದೇನು ಅಂತ ಅನ್ನಿಸಬಹುದು. ಕೂತವರಿಗೆ ಧೈರ್ಯ ಹೇಳಿ ಕಳಿಸುವುದೇ ಲೂಥರನ್‌ರ ಉದ್ದೇಶ ಅಂತ ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಕಿವಿಗೆ ಕೇಳುತ್ತದೆ.

ಇದೇ ರಾಣಿಯ ಗಂಡ ಅಗಸ್ಟಸ್ 1733ರ ಫೆಬ್ರವರಿ 1ರಂದು ವಾರ್ಸಾದಲ್ಲಿ ತೀರಿಕೊಂಡ. ದೇಹ ಪೋಲೆಂಡಿನ ಕ್ರಾಕೋವ್‌ನಲ್ಲೇ ಉಳಿಯಿತು, ಹೃದಯವನ್ನು ಮಾತ್ರ ತೆಗೆದು ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್‌ಗೆ ತಂದರು. ಏಪ್ರಿಲ್‌ನಲ್ಲಿ ಡ್ರೆಸ್ಡೆನ್ ಆಸ್ಥಾನದ ಕ್ಯಾಥೊಲಿಕ್ ಚರ್ಚಿನಲ್ಲಿ ಅವನಿಗೆ ರೆಕ್ವಿಯಂ ನಡೆಯಿತು. ಬರೆದವನು ಯಾನ್ ಡಿಸ್ಮಾಸ್ ಝೆಲೆಂಕಾ, ಬೊಹೀಮಿಯಾದಿಂದ ಬಂದು ಆಸ್ಥಾನದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದವನು. ಹೆಂಡತಿಯ ಸಂಗೀತವನ್ನೂ ಗಂಡನ ಸಂಗೀತವನ್ನೂ ಒಂದರ ಹಿಂದೆ ಒಂದು ಕೇಳಿದರೆ ಎರಡು ಚರ್ಚುಗಳ ವ್ಯತ್ಯಾಸ ಪಾಠ ಓದದೆಯೇ ಗೊತ್ತಾಗುತ್ತದೆ. ಅವಳದ್ದು ಜರ್ಮನ್, ಇವನದ್ದು ಲ್ಯಾಟಿನ್. ಅವಳದ್ದು ಅವಳ ಗುಣಗಳ ಮಾತು, ಇವನದ್ದು ಆತ್ಮಕ್ಕಾಗಿ ಬೇಡಿಕೆ, ಅದರಲ್ಲಿ ಅವನ ಹೆಸರೂ ಬರುವುದಿಲ್ಲ. ಅವಳದ್ದರಲ್ಲಿ ಗಾಂಬ ಮತ್ತು ಲ್ಯೂಟ್, ಇವನದ್ದರಲ್ಲಿ ಕಹಳೆ, ನಗಾರಿ, ಅದೂ ಹಬ್ಬಕ್ಕೆ ಬಳಸುವ ಡಿ ಮೇಜರ್ ಶ್ರುತಿಯಲ್ಲಿ. ರಾಜ ಸತ್ತರೂ ರಾಜನೇ ಅನ್ನುವ ಠೀವಿ.

ಇಲ್ಲೊಂದು ಉಪಕಥೆ ಇದೆ. ರಾಜ ಸತ್ತನೆಂದು ಸ್ಯಾಕ್ಸನಿಯಲ್ಲಿ ತಿಂಗಳುಗಟ್ಟಲೆ ಸಂಗೀತಕ್ಕೆ ತಡೆ. ಚರ್ಚಿನಲ್ಲಿ ಕೆಲಸ ಕಡಿಮೆಯಾದ ಬಾಖ್ ಸುಮ್ನೆ ಕೂರಲಿಲ್ಲ. ಹೊಸ ದೊರೆಗೆ ಒಪ್ಪಿಸಲು ಚರ್ಚಿನ ಪೂಜೆಯಾದ ಮಾಸ್‌ನ ಕೀರಿಯೆ ಮತ್ತು ಗ್ಲೋರಿಯಾ ಎಂಬ ಎರಡು ಭಾಗಗಳನ್ನು ಬರೆದು, ಆಸ್ಥಾನದಲ್ಲಿ ಒಂದು ಪದವಿ ಕೊಡಿ ಅನ್ನುವ ಅರ್ಜಿಯ ಜೊತೆ 1733ರ ಜುಲೈನಲ್ಲಿ ಕಳಿಸಿದ. ಅದೇ ಮುಂದೆ ಅವನ ಬಿ ಮೈನರ್ ಮಾಸ್‌ನ ಮೊದಲ ಭಾಗ ಆಯಿತು. ಝೆಲೆಂಕಾಗೂ ದೊಡ್ಡ ಹುದ್ದೆಯ ಆಸೆ ಇತ್ತು. ಆ ಹುದ್ದೆ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಬರೆಯುವ ಹಾಸ್ಸೆಯ ಪಾಲಾಯಿತು.

ಈಗ ಇಂಗ್ಲೆಂಡ್. ಅಲ್ಲಿನ ಪ್ರಾರ್ಥನೆ ಪುಸ್ತಕದ ಪ್ರಕಾರ ಮಣ್ಣು ಮಾಡುವಾಗ ಏಳು ವಾಕ್ಯಗಳನ್ನು ಹೇಳಬೇಕು ಅಥವಾ ಹಾಡಬೇಕು. ಮೊದಲ ಮೂರು ಶವ ಚರ್ಚಿನ ಬಾಗಿಲಿಗೆ ಬಂದಾಗ, ನಡೆಯುತ್ತಾ. ಮುಂದಿನ ಮೂರು ಗುಂಡಿಯ ಪಕ್ಕದಲ್ಲಿ, ದೇಹವನ್ನು ಇಳಿಸಲು ಅಣಿ ಮಾಡುವಾಗ. ಕೊನೆಯದು ಮಣ್ಣು ಹಾಕಿದ ಮೇಲೆ. ಅಂದರೆ ಇದು ಕೂತು ಕೇಳುವ ಸಂಗೀತವೇ ಅಲ್ಲ. ಹೆಜ್ಜೆ ಹಾಕುತ್ತಾ, ಚಳಿಯಲ್ಲಿ ನಿಂತು, ಹಗ್ಗ ಸರಿಮಾಡುವವರ ನಡುವೆ ಹಾಡಬೇಕಾದದ್ದು. ಕಷ್ಟದ ಸಂಗೀತ ಬರೆದರೆ ಕೆಡುವುದು ಖಂಡಿತ.

ಎರಡನೇ ಮೇರಿ ರಾಣಿ 1694ರ ಡಿಸೆಂಬರ್ 28ರಂದು ಸಿಡುಬಿನಿಂದ ತೀರಿಕೊಂಡಳು. ವಯಸ್ಸು 32. ಸಂಸ್ಕಾರ ನಡೆದದ್ದು ಮುಂದಿನ ಮಾರ್ಚ್ 5ಕ್ಕೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ದೊಡ್ಡ ಚರ್ಚಿನಲ್ಲಿ. ಎರಡು ತಿಂಗಳು ದಾಟಿತ್ತು. ಆ ಮೆರವಣಿಗೆಯಲ್ಲಿ ಸಂಸತ್ತಿನ ಎರಡೂ ಸದನಗಳವರು ನಡೆದರು, ಹಿಂದೆಂದೂ ಹಾಗೆ ಆಗಿರಲಿಲ್ಲ. ಆಳುವವರು ಸತ್ತರೆ ಸಂಸತ್ತೂ ವಿಸರ್ಜನೆ ಆಗುವುದು ಅಲ್ಲಿ ಆಗಿನ ಪದ್ಧತಿಯಾಗಿತ್ತು. ಮೇರಿ ಮತ್ತು ಗಂಡ ವಿಲಿಯಂ ಇಬ್ಬರೂ ಒಟ್ಟಿಗೆ ಆಳುತ್ತಿದ್ದರು. ವಿಲಿಯಂ ಬದುಕಿದ್ದ, ಹಾಗಾಗಿ ಸಂಸತ್ತೂ ಉಳಿಯಿತು.

ಅಬೆಯ ಆರ್ಗನ್ ವಾದಕ ಹೆನ್ರಿ ಪರ್ಸೆಲ್. ಪ್ರತಿ ವರ್ಷ ಮೇರಿಯ ಹುಟ್ಟುಹಬ್ಬಕ್ಕೆ ಹಾಡು ಬರೆಯುತ್ತಿದ್ದವನು ಅವನೇ. ಅವನು ಈ ದಿನಕ್ಕೆ ಕೊಟ್ಟ ಸಂಗೀತ ಎಷ್ಟು ಚಿಕ್ಕದು ಅಂದರೆ ಮೊದಲ ಸಲ ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ನಾಲ್ಕು ಕಹಳೆಗಳ ಒಂದು ಮಾರ್ಚ್ (ಮೆರವಣಿಗೆಯ ನಡೆಗೆ ನುಡಿಸುವ ಸಂಗೀತ), ಅವೇ ಕಹಳೆಗಳ ಇನ್ನೊಂದು ತುಣುಕು, ಮತ್ತು ನಾಲ್ಕು ದನಿಗಳಿಗೆ ಎರಡು ಮೂರು ನಿಮಿಷದ ಒಂದು ಹಾಡು.

ಕಹಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಕಹಳೆಗೆ ಗುಂಡಿಗಳಿಲ್ಲ. ಬರೀ ಒಂದು ಉದ್ದ ಕೊಳವೆ. ತುಟಿಯ ಬಿಗಿಯಿಂದ ಕೆಲವೇ ಸ್ವರ ಹೊರಡುತ್ತವೆ. ಅವು ಮೇಜರ್‌ಗೆ ಒಗ್ಗುವ ಸ್ವರಗಳು, ಯುದ್ಧಕ್ಕೆ, ಜಯಕ್ಕೆ ಸರಿ. ಶೋಕಕ್ಕೆ ಬೇಕಾದ ಮೈನರ್ ಸ್ವರಗಳು ಅದರಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಇಂಗ್ಲೆಂಡಿನಲ್ಲಿ ಕೊಳವೆಯನ್ನು ಹಿಂದಕ್ಕೆ ಎಳೆದು ಉದ್ದ ಮಾಡಬಹುದಾದ ಒಂದು ಬಗೆಯ ಕಹಳೆ ಇತ್ತು, ಫ್ಲ್ಯಾಟ್ ಟ್ರಂಪೆಟ್ ಅಂತ ಅದರ ಹೆಸರು. ಪರ್ಸೆಲ್ ಬರೆದದ್ದು ಅದಕ್ಕೆ. ಜಯದ ವಾದ್ಯದ ಬಾಯಲ್ಲಿ ಶೋಕದ ಸ್ವರ ಬಂದಾಗ ದಾರಿಯ ಬದಿ ನಿಂತ ಜನಕ್ಕೆ ಏನನ್ನಿಸಿರಬಹುದು! ಇನ್ನೊಂದು ಮಾತು: ಇದೇ ಮಾರ್ಚ್ ಡಾನ್ ಜುವಾನ್ ಕಥೆಯ ಒಂದು ನಾಟಕಕ್ಕೆ ಪರ್ಸೆಲ್ ಬರೆದ ಸಂಗೀತದಲ್ಲೂ ಇದೆ. ಪೋಲಿಯೊಬ್ಬನ ನಾಟಕಕ್ಕೂ ರಾಣಿಯ ಸಾವಿಗೂ ಒಂದೇ ಸಂಗೀತ. ಆ ಕಾಲದವರಿಗೆ ಅದೇನೂ ಮುಜುಗರದ ವಿಷಯ ಅಲ್ಲ.

ಹಾಡಿಗೆ ಬರೋಣ. ಅದು ಏಳು ವಾಕ್ಯಗಳಲ್ಲಿ ಆರನೆಯದು, ಗುಂಡಿಯ ಪಕ್ಕದ್ದು. "ಕರ್ತನೇ, ನಮ್ಮ ಹೃದಯದ ಗುಟ್ಟು ನಿನಗೆ ಗೊತ್ತು, ನಮ್ಮ ಪ್ರಾರ್ಥನೆಗೆ ನಿನ್ನ ಕಿವಿ ಮುಚ್ಚಬೇಡ" ಅಂತ ಶುರು. ನಾಲ್ಕೂ ದನಿಗಳು ಬಹುಪಾಲು ಒಂದೊಂದು ಅಕ್ಷರವನ್ನೂ ಒಟ್ಟಿಗೆ ಹೇಳುತ್ತವೆ. ಅಲಂಕಾರ ಇಲ್ಲವೇ ಇಲ್ಲ. ಮಜಾ ಏನು ಅಂದರೆ, ಪರ್ಸೆಲ್ ಇದೇ ಮಾತಿಗೆ ಹುಡುಗನಾಗಿದ್ದಾಗಲೇ ಒಂದು ಸಲ ಸಂಗೀತ ಬರೆದಿದ್ದ. ಅದು ತಿರುವು ಮುರುವು, ನೋವಿನ ಸ್ವರ, ದನಿಗಳ ಹೆಣಿಗೆ ಎಲ್ಲ ತುಂಬಿದ ಸಂಗೀತ. 1695ರಲ್ಲಿ ಅದನ್ನು ಬಿಟ್ಟು ಇಷ್ಟು ಸರಳ ಯಾಕೆ ಮಾಡಿದ?

ಸಂಶೋಧಕರು ಕೊಡುವ ಕಾರಣ ತೀರ ವ್ಯವಹಾರದ್ದು. ಆ ದಿನ ಉಳಿದ ವಾಕ್ಯಗಳಿಗೆ ಹಾಡಿದ್ದು ಸುಮಾರು ನೂರು ವರ್ಷ ಹಳೆಯ ಥಾಮಸ್ ಮಾರ್ಲಿಯ ಸಂಗೀತ. ಅದರಲ್ಲಿ ಈ ಒಂದು ವಾಕ್ಯ ಸಿಗದೆ ಹೋಗಿತ್ತು. ಅದನ್ನು ತುಂಬಿಸುವ ಕೆಲಸ ಪರ್ಸೆಲ್‌ನದ್ದು. ಹಳೆ ಸೀರೆಗೆ ತೇಪೆ ಹಾಕುವಾಗ ಬಣ್ಣ ಹೊಂದಬೇಕಲ್ಲ. ಅವನು ಮಾರ್ಲಿಯ ಸಾದಾ ಶೈಲಿಗೆ ಹೊಂದುವಂತೆ ಬರೆದ. ಕೇಳಿದವರಲ್ಲಿ ಒಬ್ಬನಾದ ಸಂಗೀತಗಾರ ಥಾಮಸ್ ಟಡ್ವೇ, ಆ ದಿನ ಎಲ್ಲರ ಕಣ್ಣಲ್ಲೂ ನೀರು ಬಂತು ಅಂತ ಬರೆದಿಟ್ಟಿದ್ದಾನೆ.

ಅದೇ ವರ್ಷ ನವೆಂಬರ್ 21ರಂದು ಪರ್ಸೆಲ್ ತೀರಿಕೊಂಡ, ಮೂವತ್ತಾರರ ವಯಸ್ಸಿಗೆ. ಅಬೆಯಲ್ಲಿ ಆರ್ಗನ್ ಹತ್ತಿರವೇ ಹೂಳಿದರು. ಹಾಡಿದ್ದು ಅವನು ರಾಣಿಗೆ ಬರೆದಿದ್ದನ್ನೇ.

ಆ ತೇಪೆಗೆ ಆಮೇಲೆ ಬಂದ ಆಯುಸ್ಸು ನೋಡಿ. ಪರ್ಸೆಲ್ ನಂತರ ಅಬೆಯಲ್ಲಿ ಆರ್ಗನ್ ನುಡಿಸಿದ ವಿಲಿಯಂ ಕ್ರಾಫ್ಟ್ ಏಳು ವಾಕ್ಯಗಳಿಗೂ ಹೊಸದಾಗಿ ಸಂಗೀತ ಬರೆಯಲು ಹೊರಟ. ಆರಕ್ಕೆ ಬರೆದ. ಈ ಒಂದನ್ನು ಮುಟ್ಟಲಿಲ್ಲ. 1724ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಯಾಕೆ ಮುಟ್ಟಲಿಲ್ಲ ಅನ್ನೋದು ಸಂಗೀತ ಬಲ್ಲವರಿಗೆ ಹೇಳಬೇಕಾಗಿಲ್ಲ ಅನ್ನುವ ಅರ್ಥದಲ್ಲಿ ಬರೆದು ಪರ್ಸೆಲ್‌ನದ್ದನ್ನೇ ಇಟ್ಟುಕೊಂಡ. ಅಲ್ಲಿಂದ ಇಂಗ್ಲೆಂಡಿನ ರಾಜಮನೆತನದ ಅಂತ್ಯಕ್ರಿಯೆಗಳಿಗೆ ಕ್ರಾಫ್ಟ್‌ನ ಈ ಸಂಗೀತವೇ ರೂಢಿಯಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಎರಡನೇ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯನ್ನು ನಮ್ಮಲ್ಲೂ ಎಷ್ಟೋ ಜನ ಟಿವಿಯಲ್ಲಿ ನೋಡಿದರು. ಶವಪೆಟ್ಟಿಗೆ ಅಬೆಯೊಳಗೆ ಬರುವಾಗ ಮೇಳ ಹಾಡಿದ್ದು ಕ್ರಾಫ್ಟ್‌ನ ವಾಕ್ಯಗಳನ್ನೇ.

ಲಂಡನ್ನಿನಲ್ಲಿ ನೆಲೆಸಿದ್ದ ಸಂಗೀತಗಾರ ಹ್ಯಾಂಡೆಲ್‌ನ ಕಥೆಗೆ ಬಂದರೆ ಅಳತೆಯೇ ಬೇರೆ. 1737ರ ನವೆಂಬರ್ 20ರಂದು ಎರಡನೇ ಜಾರ್ಜ್‌ನ ರಾಣಿ ಕ್ಯಾರೊಲಿನ್ ತೀರಿಕೊಂಡಳು. ಇನ್ನೊಂದು ಮದುವೆ ಮಾಡಿಕೊಳ್ಳಿ ಅಂತ ಅವಳು ಹಾಸಿಗೆಯಲ್ಲಿ ಮಲಗಿ ಗಂಡನಿಗೆ ಹೇಳಿದಳಂತೆ. ಅವನು ಬಿಕ್ಕುತ್ತಾ, "ಇಲ್ಲ, ಇಟ್ಟುಕೊಳ್ಳುತ್ತೇನೆ ಅಷ್ಟೆ" ಅಂದನಂತೆ. ಆಸ್ಥಾನದಲ್ಲಿದ್ದ ಹಾರ್ವೆ ಬರೆದಿಟ್ಟ ಮಾತಿದು. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆದರೆ ಅವನು ಮತ್ತೆ ಮದುವೆ ಆಗಲಿಲ್ಲ. 1760ರಲ್ಲಿ ಅವನು ಸತ್ತಾಗ ಇಬ್ಬರ ಪೆಟ್ಟಿಗೆಗಳ ನಡುವಿನ ಹಲಗೆ ತೆಗೆದು ಪಕ್ಕಪಕ್ಕದಲ್ಲಿ ಇಟ್ಟರು, ಅವನು ಹೇಳಿಟ್ಟ ಹಾಗೆ.

ಕ್ಯಾರೊಲಿನ್ ಜರ್ಮನಿಯ ಆನ್ಸ್‌ಬಾಖ್‌ನಿಂದ ಬಂದವಳು, ಹ್ಯಾಂಡೆಲ್ ಹಾಲೆಯಿಂದ. ಲಂಡನ್‌ಗೆ ಬರುವ ಮೊದಲೇ ಪರಿಚಯ. ಅವಳು ಹೋದಾಗ ಲಂಡನ್ನಿನ ನಾಟಕಶಾಲೆಗಳೆಲ್ಲ ಮುಚ್ಚಿದವು. ಹ್ಯಾಂಡೆಲ್ ಅರ್ಧ ಬರೆದಿದ್ದ ಒಪೆರಾ ಪಕ್ಕಕ್ಕೆ ಸರಿಯಿತು. ಆ ವರ್ಷವೇ ಅವನಿಗೆ ಪಾರ್ಶ್ವವಾಯು ಬಡಿದು, ಆಖೆನ್ ಊರಿನ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಮಾಡಿಸಿಕೊಂಡು ವಾಪಸಾಗಿದ್ದ. ಡಿಸೆಂಬರ್ 12ಕ್ಕೆ ರಾಣಿಗಾಗಿ ಮುಕ್ಕಾಲು ಗಂಟೆಯ ಆಸುಪಾಸಿನ ಕೃತಿ ಬರೆದು ಮುಗಿಸಿದ. 17ಕ್ಕೆ ಅಬೆಯಲ್ಲಿ ಹಾಡಿದರು. ನಡುವಿನ ಐದು ದಿನದಲ್ಲಿ ಪ್ರತಿ ಹಾಡುಗಾರನಿಗೂ ವಾದ್ಯಗಾರನಿಗೂ ಕೈಯಲ್ಲಿ ನಕಲು ಬರೆದು ಕೊಟ್ಟು, ತಾಲೀಮೂ ಮಾಡಿಸಬೇಕು. ಅಂದಿನ ಪತ್ರಿಕೆಗಳ ಪ್ರಕಾರ ಹಾಡಿದವರು ಸುಮಾರು 80, ನುಡಿಸಿದವರು 100.

ಇದನ್ನು ಹಾಡಿದ್ದು ಮಣ್ಣು ಮಾಡಿದ ಮೇಲೆ, ನಡೆಯುವುದು ಇಳಿಸುವುದು ಎಲ್ಲ ಮುಗಿದ ಮೇಲೆ. ಅದಕ್ಕೇ ಹ್ಯಾಂಡೆಲ್‌ಗೆ ಇಷ್ಟು ಜಾಸ್ತಿ ಜಾಗ ಸಿಕ್ಕಿತು. ಮಾತುಗಳು ಬೈಬಲ್‌ನವು, ಆದರೆ ಅಲ್ಲಲ್ಲಿ ಕತ್ತರಿ ಬಿದ್ದಿದೆ. ಯೋಬ ತನ್ನ ಬಗ್ಗೆ ತಾನೇ "ಮೊರೆಯಿಟ್ಟ ಬಡವರನ್ನು ಕಾಪಾಡಿದೆ" ಅಂತ ಹೇಳಿಕೊಂಡದ್ದನ್ನು "ಅವಳು ಕಾಪಾಡಿದಳು" ಅಂತ ಮಾಡಿದ್ದಾರೆ. ಸಾವಿರಾರು ವರ್ಷ ಹಳೆಯ ಮಾತು ಹೀಗೆ ಒಬ್ಬ ರಾಣಿಯ ಚಿತ್ರವಾಗುತ್ತದೆ.

ಸಂಗೀತದಲ್ಲೂ ಒಂದು ಒಳಗುಟ್ಟು ಇದೆ. ಮೊದಲ ಮೇಳಗಾಯನದ ಒಳಗೆ ಲೂಥರನ್‌ರು ಹಾಡುವ ಹಳೆ ಜರ್ಮನ್ ಸ್ತುತಿಯೊಂದರ ಧಾಟಿಯನ್ನು ಹ್ಯಾಂಡೆಲ್ ನೇಯ್ದಿದ್ದಾನೆ. ಮೇಲೆ ಇಂಗ್ಲಿಷ್ ಮಾತು, ಒಳಗೆ ಜರ್ಮನ್ ಧಾಟಿ. ಲಂಡನ್ನಿನ ಜನಕ್ಕೆ ಅದು ಹತ್ತರಲ್ಲಿ ಹನ್ನೊಂದು. ಜರ್ಮನಿಯಿಂದ ಬಂದ ರಾಜಮನೆತನದವರಿಗೆ ಮಾತ್ರ ಊರಿನ ಚರ್ಚು ನೆನಪಾಗಬೇಕು. ಆಮೇಲೆ ಒಂದು ಕಡೆ "ಅವರ ದೇಹಗಳು ಶಾಂತಿಯಲ್ಲಿ ಮಲಗಿವೆ" ಅನ್ನುವಾಗ ದನಿಗಳೆಲ್ಲ ತಗ್ಗಿ ನಿಧಾನವಾಗುತ್ತವೆ, "ಆದರೆ ಅವರ ಹೆಸರು ಎಂದೆಂದಿಗೂ ಉಳಿಯುತ್ತದೆ" ಅನ್ನುವಾಗ ಚಿಮ್ಮುತ್ತವೆ. ಈ ಎರಡನೇ ಸಾಲಿನಲ್ಲಿ ಯಾಕೊಬ್ ಹಾಂಡ್ಲ್ ಅನ್ನುವ ಹಿಂದಿನ ಕಾಲದವನ ಒಂದು ಲ್ಯಾಟಿನ್ ಹಾಡಿನ ಎಳೆ ಇದೆ. ಅದನ್ನೂ ಲೂಥರನ್‌ರು ಸಾವಿನ ಮನೆಯಲ್ಲಿ ಹಾಡುತ್ತಿದ್ದರು. ಐವತ್ತು ವರ್ಷ ದಾಟಿದ ಮೇಲೆ ಮೊಜಾರ್ಟ್ ತನ್ನ ರೆಕ್ವಿಯಂ ಶುರುಮಾಡುವಾಗ ಹ್ಯಾಂಡೆಲ್‌ನ ಈ ಮೊದಲ ಮೇಳಗಾಯನವನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದ.

ಒಂದೇ ದಿನಕ್ಕೆ ಅಂತ ಬರೆದ ಸಂಗೀತವನ್ನು ಆಮೇಲೆ ಏನು ಮಾಡುವುದು? ಎಸೆಯುವ ಮಾತೇ ಇಲ್ಲ. ಬಾಖ್ ರಾಣಿಯ ಸಂಗೀತದ ಎರಡು ಮೇಳಗಾಯನಗಳನ್ನು 1729ರಲ್ಲಿ ತನ್ನ ಹಳೆ ಧಣಿ ಕೋಥೆನ್‌ನ ಲಿಯೊಪೋಲ್ಡ್ ದೊರೆಯ ಸಂಸ್ಕಾರಕ್ಕೆ ಬೇರೆ ಮಾತು ಹಾಕಿ ಬಳಸಿದ. 1731ರ ಮಾರ್ಕನ ಪ್ಯಾಶನ್‌ನಲ್ಲಿ, ಅಂದರೆ ಯೇಸುವಿನ ಸಾವಿನ ಕಥೆಯ ಸಂಗೀತದಲ್ಲಿ, ಮತ್ತೆ ಬಳಸಿದ. ಫ್ರಾನ್ಸಿನ ಜಾನ್ ಜೀಲ್‌ನ ರೆಕ್ವಿಯಂ ಕಥೆ ಇನ್ನೂ ತಮಾಷೆ. ತುಲೂಸ್ ಊರಿನ ಇಬ್ಬರು ದೊಡ್ಡ ಮನುಷ್ಯರ ಮಕ್ಕಳು ಅಪ್ಪಂದಿರ ಸಾವಿಗೆ ಬರೆಸಿ, ಆಮೇಲೆ ದುಡ್ಡು ಕೊಡಲ್ಲ ಅಂದರಂತೆ. ಹಾಗಾದರೆ ಇದು ನನಗೇ ಇರಲಿ ಅಂತ ಜೀಲ್ ಎತ್ತಿಟ್ಟುಕೊಂಡನಂತೆ. 1705ರಲ್ಲಿ ಅವನು ಸತ್ತಾಗ ಅವನಿಗೇ ಹಾಡಿದರು ಅಂತ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಸಂಗೀತ ಮಾತ್ರ 1774ರಲ್ಲಿ ಹದಿನೈದನೇ ಲೂಯಿ ರಾಜನ ಸಂಸ್ಕಾರದವರೆಗೂ ನಡೆದುಬಂತು.

ಕೇಳಲು ಶುರುಮಾಡುವವರು ಪರ್ಸೆಲ್‌ನ ಎರಡು ಮೂರು ನಿಮಿಷದ ಹಾಡಿನಿಂದ ಶುರುಮಾಡಿ. ಆದರೆ ಧ್ವನಿಮುದ್ರಣ ಆರಿಸುವಾಗ ಸ್ವಲ್ಪ ಎಚ್ಚರ. ಎಷ್ಟೋ ಆಲ್ಬಮ್‌ಗಳಲ್ಲಿ ಅವನು ಎಳೆ ವಯಸ್ಸಿನಲ್ಲಿ ಬರೆದ ವಾಕ್ಯಗಳನ್ನೂ ಮೇರಿಯ ಸಂಗೀತವನ್ನೂ ಒಟ್ಟಿಗೆ ಸೇರಿಸಿರುತ್ತಾರೆ. ಮಾರ್ಚ್‌ನಲ್ಲಿ ಧಡಧಡ ಕೇಳುವ ನಗಾರಿ ಪರ್ಸೆಲ್‌ನ ಬರಹದಲ್ಲಿ ಇಲ್ಲ, ಈಗಿನವರು ಸೇರಿಸಿಕೊಂಡದ್ದು. ಹ್ಯಾಂಡೆಲ್‌ನದ್ದು ಹುಡುಕುವಾಗಲೂ ಹೀಗೇ. ಅವನು ರಾಣಿಯ ಸಂಗೀತವನ್ನು ಎರಡು ವರ್ಷದಲ್ಲೇ, ಮಾತು ಸ್ವಲ್ಪ ಬದಲಿಸಿ, ಯೋಸೇಫನ ಸಾವಿಗೆ ಇಸ್ರಾಯೇಲಿನ ಜನ ಅಳುವುದಾಗಿ ಮಾಡಿ 1739ರ 'ಇಸ್ರೇಲ್ ಇನ್ ಈಜಿಪ್ಟ್' ಓರಟೋರಿಯೊಗೆ (ಅಭಿನಯವಿಲ್ಲದೆ ಹಾಡಿನಲ್ಲೇ ಹೇಳುವ ಕಥೆ) ಮೊದಲ ಭಾಗವಾಗಿ ಇಟ್ಟ. ಜನಕ್ಕೆ ಅದು ರುಚಿಸಲಿಲ್ಲ. ಬರಬರುತ್ತಾ ಆ ಭಾಗವನ್ನೇ ಕಿತ್ತು ಹಾಡುವುದು ರೂಢಿಯಾಯಿತು. ಹಾಗಾಗಿ ಈ ಓರಟೋರಿಯೊ ಹಾಕಿದಾಗ ಪೀಠಿಕೆಯ ವಾದ್ಯಸಂಗೀತವೇ ಇಲ್ಲದೆ ಟೆನರ್ ಒಬ್ಬ ನೇರವಾಗಿ ಕಥೆ ಹೇಳಲು ಶುರುಮಾಡಿದರೆ, ಮೊಬೈಲ್ ಕೆಟ್ಟಿತು ಅಂದುಕೊಳ್ಳಬೇಡಿ. ಅದರ ಮುಂದೆ ಇರಬೇಕಾಗಿದ್ದದ್ದು ಕ್ಯಾರೊಲಿನ್‌ಗೆ ಬರೆದ ಸಂಗೀತ. ಮೂರೂ ಭಾಗ ಇರುವ ಧ್ವನಿಮುದ್ರಣಗಳೂ ಸಿಗುತ್ತವೆ, ಹುಡುಕಬೇಕು ಅಷ್ಟೆ.